ಮೊದಲ ಗೇಮಿಂಗ್ ಪಿಸಿಗೆ ಎಷ್ಟು ದುಡ್ಡು, ಎಲ್ಲೆಲ್ಲಿಗೆ: ಶಿರಸಿ, ಕುಮಟಾ, ಕಾರವಾರ ಕಡೆಯವರಿಗೆ ಒಂದು ಲೆಕ್ಕ

ಪಿಯುಸಿ ರಿಸಲ್ಟ್ ಬಂದ್ಮೇಲೆ ಮತ್ತೆ ಅಡಿಕೆ ದುಡ್ಡು ಮನೆಗೆ ಬರೋ ಹೊತ್ತಿಗೆ ನಮ್ಮ ಕಡೆ ಹುಡುಗ್ರು ಕೇಳೋದು ಒಂದೇ ಪ್ರಶ್ನೆ, "ಅಣ್ಣಾ ಅಪ್ಪ 60 ಸಾವಿರ ಕೊಡ್ತೆ ಅಂದಿದಾರೆ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಲಿ?" ಅಂತ. ನಾನು ತಿರುಗಿ ಕೇಳೋದು, ಮನೇಲಿ ಅರ್ಥಿಂಗ್ ಸರಿ ಇದ್ಯಾ, ಇನ್ವರ್ಟರ್ ಉಂಟಾ, ಮಾನಿಟರ್ ಇದ್ಯಾ ಇಲ್ಲ ಅದೂ ಈ 60 ಸಾವಿರದಲ್ಲೇ ಬರ್ಬೇಕಾ? ಅಲ್ಲಿಗೆ ಗೊತ್ತಾಗ್ತದೆ 60 ಸಾವಿರ ಅನ್ನೋದು ನಿಜವಾಗಿ 45 ಸಾವಿರ ಅಂತ. ಯೂಟ್ಯೂಬಲ್ಲಿ ಬರೋ "60 ಸಾವಿರದ ಬಿಲ್ಡ್" ವಿಡಿಯೋಗಳಲ್ಲಿ ಹೆಚ್ಚಿನವು ಬರೇ ಕ್ಯಾಬಿನೆಟ್ ಒಳಗಿನ ಸಾಮಾನಿನ ಲೆಕ್ಕ, ಅದರಲ್ಲಿ ಯುಪಿಎಸ್ ಇರೋದಿಲ್ಲ, ಮಾನಿಟರ್ ಇರೋದಿಲ್ಲ, ಕೀಬೋರ್ಡ್ ಮೌಸ್ ಕೂಡ ಇರೋದಿಲ್ಲ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟಿಗೆ ಜನರೇಟರ್ ಇದ್ದವರಿಗೆ ಅದು ನಡೀತದೆ. ಸಿದ್ದಾಪುರದ ಹಳ್ಳಿ ಮನೇಲೋ ಅಂಕೋಲೆಯ ಬಂದರು ಹತ್ರವೋ ಇರೋರು ಲೆಕ್ಕವನ್ನ ಗೋಡೆಯ ಪ್ಲಗ್ಗಿಂದ ಶುರು ಮಾಡಿ ಒಳಗೆ ಬರ್ಬೇಕು, ಕಾರ್ಡು ಕೊನೆಗೆ. ಉಳಿದದ್ದರಲ್ಲಿ ಎಷ್ಟು ಒಳ್ಳೇ ಕಾರ್ಡ್ ಬರ್ತದೋ ಅದು ನಿಮ್ಮ ಕಾರ್ಡ್.

ಹಂಗಾಗಿ ಮೊದ್ಲು ಕರೆಂಟಿನ ವಿಷಯ, ಇದನ್ನ ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ಬೇರೆ ಕಡೆ ಯಾರೂ ಬರಿಯೋದಿಲ್ಲ.

ಮಳೆಗಾಲದಲ್ಲಿ ಗಾಳಿ ಜೋರಾದ್ರೆ ಲೈನಿನ ಮೇಲೆ ಮರ ಬೀಳೋದು, ಹೆಸ್ಕಾಂನವರು ಬಂದು ಟೊಂಗೆ ಕಡಿದು ಮತ್ತೆ ಚಾರ್ಜ್ ಮಾಡೋದು, ಮತ್ತೆ ಹೋಗೋದು, ಇದು ಘಟ್ಟದ ಮೇಲೂ ಕೆಳಗೂ ಎಲ್ಲರಿಗೂ ಗೊತ್ತಿದ್ದದ್ದೇ. ಕರೆಂಟು ಹೋಗೋದಕ್ಕಿಂತ ಹೋಗಿ ಎರಡು ಸೆಕೆಂಡಲ್ಲಿ ಮತ್ತೆ ಬಂದು ಮತ್ತೆ ಹೋಗ್ತದಲ್ಲ ಅದು ಪಿಸಿಗೆ ಹೆಚ್ಚು ಕಷ್ಟ, ಎಸ್‌ಎಸ್‌ಡಿಗೆ (ವಿಂಡೋಸ್, ಆಟ ಎಲ್ಲಾ ಇರೋ ಡ್ರೈವ್) ಬರೀತಾ ಇರುವಾಗ ಹೋದ್ರೆ ವಿಂಡೋಸೇ ಕೆಡಬಹುದು. ಬೇಸಿಗೇಲಿ ತೋಟಕ್ಕೆ ಪಂಪ್ ಶುರುವಾದ್ರೆ ವೋಲ್ಟೇಜ್ ಇಳೀತದೆ, ಅದು ಬೇರೆ.

ಯುಪಿಎಸ್ ತಗೊಳ್ಳುವಾಗ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದು ವಿಎ (ವೋಲ್ಟ್-ಆಂಪಿಯರ್), ಪಿಸಿಗೆ ಬೇಕಾಗೋದು ವ್ಯಾಟ್. ಸಾಮಾನ್ಯವಾಗಿ ಅಂಗಡೀಲಿ ಸಿಗೋ 600 ವಿಎ ಯುಪಿಎಸ್ ಅಂದ್ರೆ 360 ವ್ಯಾಟ್ ಆಸುಪಾಸು ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ ಇದು ಧಾರಾಳ ಸಾಕು. ಆರ್‌ಟಿಎಕ್ಸ್ 4060 ತರದ ಕಾರ್ಡ್ ಇರೋ ಪಿಸಿ ಆಟ ನಡೀತಿರುವಾಗ ಮಾನಿಟರ್ ಸೇರಿ 250ರಿಂದ 300 ವ್ಯಾಟ್ ಎಳೀತದೆ, ಅದಕ್ಕೆ 600 ವಿಎ ತುದೀಲಿ ನಿಂತ ಹಾಗೆ, ಬ್ಯಾಟರಿ ಒಂದು ವರ್ಷ ಹಳೇದಾದ್ರೆ ಕರೆಂಟು ಹೋದ ಕೂಡ್ಲೆ ಅದೂ ಆಫ್ ಆಗ್ತದೆ. ಅವರು 1000 ಅಥವಾ 1100 ವಿಎ ತಗೊಳ್ಳಿ. ಅದಕ್ಕೆ 6 ಸಾವಿರದವರೆಗೆ ಎತ್ತಿಡಿ. ಐದು ಹತ್ತು ನಿಮಿಷ ಸಿಗ್ತದೆ, ಗೇಮ್ ಸೇವ್ ಮಾಡಿ ನೆಟ್ಟಗೆ ಶಟ್‌ಡೌನ್ ಮಾಡೋದಕ್ಕೆ ಅಷ್ಟು ಸಾಕು.

ಮನೇಲಿ ಆಗಲೇ ದೊಡ್ಡ ಇನ್ವರ್ಟರ್ ಇದ್ರೆ ಯುಪಿಎಸ್ ಬೇಡ ಅನ್ನೋರು ಹಲವರು. ಆಗಬಹುದು, ಆದ್ರೆ ಎರಡು ನೋಡ್ಬೇಕು. ಅದು ಸೈನ್ ವೇವ್ ಇನ್ವರ್ಟರ್ ಆಗಿರ್ಬೇಕು, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಫ್ಯಾನು ಲೈಟಿಗೆ ಸರಿ, ಒಳ್ಳೇ ಪವರ್ ಸಪ್ಲೈಗೆ ಸರಿ ಅಲ್ಲ. ಮತ್ತೆ ಇನ್ವರ್ಟರ್ ಹಿಂದೆ ಅಥವಾ ಮುಂದೆ ಒಂದು ಚಿಕ್ಕ ಸ್ವಿಚ್ ಇರ್ತದೆ, ಯುಪಿಎಸ್ ಮೋಡ್ ಮತ್ತೆ ನಾರ್ಮಲ್ ಮೋಡ್ ಅಂತ, ಕೆಲವದರಲ್ಲಿ ಇಕೋ ಅಂತ. ಯುಪಿಎಸ್ ಮೋಡಲ್ಲಿ ಇಟ್ರೆ ಬದಲಾವಣೆ ಬೇಗ ಆಗ್ತದೆ. ಪಿಸಿಯ ಪವರ್ ಸಪ್ಲೈ ಕರೆಂಟು ಇಲ್ಲದೆ ತಾಳೋದು 16-17 ಮಿಲಿಸೆಕೆಂಡ್ ಅಷ್ಟೇ, ಅದರೊಳಗೆ ಇನ್ವರ್ಟರ್ ಕೈಗೆತ್ತಿಕೊಳ್ಬೇಕು, ನಾರ್ಮಲ್ ಮೋಡಲ್ಲಿ ಇಟ್ರೆ ಅದು ಆಗೋದಿಲ್ಲ, ಲೈಟು ಒಮ್ಮೆ ಮಿಣುಕಿ ಪಿಸಿ ರೀಸ್ಟಾರ್ಟ್ ಆಗ್ತದೆ. ಆದ್ರೆ ಯುಪಿಎಸ್ ಮೋಡಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಇಳಿದ್ರೆ ಅದು ಬ್ಯಾಟರಿಗೆ ಹೋಗ್ತದೆ, ಬೇಸಿಗೇಲಿ ವೋಲ್ಟೇಜ್ ಇಳಿಯೋ ಊರಲ್ಲಿ ಸಂಜೆಗೆ ಬ್ಯಾಟರಿ ಖಾಲಿ. ಅಂಥ ಕಡೆ ಪಿಸಿಗೆ ಬೇರೆ ಯುಪಿಎಸ್ ಇಡೋದೇ ಒಳ್ಳೇದು.

ಅರ್ಥಿಂಗ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳೋದಿಲ್ಲ, ದಯವಿಟ್ಟು ಕೆಡಿಸ್ಕೊಳ್ಳಿ. ನಮ್ಮ ಕಡೆ ಚಿರೇಕಲ್ಲಿನ ನೆಲ, ಮಾರ್ಚ್ ಏಪ್ರಿಲ್‌ಗೆ ಒಣಗಿ ಕಲ್ಲಾಗ್ತದೆ, ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಬೇಸಿಗೇಲಿ ಕೆಲಸ ಮಾಡೋದಿಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತದೆ ಅಂದ್ರೆ ಅದೇ ಕಾರಣ. ವೈರಿಂಗ್‌ನವರನ್ನ ಕರೆಸಿ ಪ್ಲಗ್ಗಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿಸಿ ನೋಡಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಸರಿ ಮಾಡಿಸಿ, ಬೇಸಿಗೇಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಸಿಡಿಲಿನ ದಿನ, ಮಳೆಗಾಲದ ಮೊದಲು ಮತ್ತೆ ಅಕ್ಟೋಬರಲ್ಲಿ, ಪ್ಲಗ್ ಕಿತ್ತಿಡ್ಬೇಕು, ಜೊತೆಗೆ ರೂಟರಿಂದ ಬರೋ ಲ್ಯಾನ್ ಕೇಬಲ್ ಕೂಡ. ಯುಪಿಎಸ್ ಇದೆ ಅಂತ ಬಿಟ್ರೆ ಆಗೋದಿಲ್ಲ, ಸಿಡಿಲಿಗೆ ಯುಪಿಎಸ್ ಅಡ್ಡ ನಿಲ್ಲೋದಿಲ್ಲ.

ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್, ಇಲ್ಲಿ ದುಡ್ಡು ಉಳಿಸ್ಬೇಡಿ. ಕ್ಯಾಬಿನೆಟ್ ಜೊತೆ ಫ್ರೀ ಬರೋದು, ಹೆಸರಿಲ್ಲದ್ದು, ಬೇಡ. 80 ಪ್ಲಸ್ ಬ್ರಾಂಜ್ ಇರೋ 550 ವ್ಯಾಟ್ ಈ ಬರಹದ ಹೆಚ್ಚಿನ ಬಿಲ್ಡಿಗೆ ಸಾಕು, ಮುಂದೆ ದೊಡ್ಡ ಕಾರ್ಡ್ ಹಾಕೋ ಯೋಚನೆ ಇದ್ರೆ 650. ಬ್ರಾಂಜ್ ಅನ್ನೋದು ಎಷ್ಟು ಕರೆಂಟ್ ವೇಸ್ಟ್ ಆಗ್ತದೆ ಅನ್ನೋದಕ್ಕೆ ಕೊಡೋ ಗುರುತು ಅಷ್ಟೇ, ಬಾಳಿಕೆಗೆ ವಾರಂಟಿ ಎಷ್ಟು ವರ್ಷ ಅಂತ ನೋಡಿ, ಐದು ವರ್ಷ ಇದ್ರೆ ಒಳ್ಳೇದು. ಮತ್ತೆ ಬದಿಯ ಸ್ಟಿಕರ್ ಓದಿ. ಕೆಲವದರಲ್ಲಿ ಇನ್‌ಪುಟ್ 200-240 ವೋಲ್ಟ್ ಅಂತ ಇರ್ತದೆ, ಕೆಲವದರಲ್ಲಿ 100-240. ವೋಲ್ಟೇಜ್ ಇಳಿಯೋ ಊರಿನವರು ಎರಡನೇದನ್ನೇ ತಗೊಳ್ಳಿ, ಇದಕ್ಕೆ ಇನ್ನೊಂದು 500-1000 ರೂಪಾಯಿ ಹೋದ್ರೂ ಹೋಗಲಿ.

ಈಗ ಆಟ. ಎಂತ ಆಡ್ತೀರಿ ಅನ್ನೋದರ ಮೇಲೆ ಪೂರ್ತಿ ಲೆಕ್ಕ ಬದಲಾಗ್ತದೆ. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ 2, ಮೈನ್‌ಕ್ರಾಫ್ಟ್, ಜಿಟಿಎ 5 ಇಷ್ಟೇ ಅಂದ್ರೆ ಒಂದು ದಾರಿ. ಸೈಬರ್‌ಪಂಕ್, ರೆಡ್ ಡೆಡ್ 2 ತರದ ದೊಡ್ಡ ಆಟ ಬೇಕು ಅಂದ್ರೆ ಬೇರೆ ದಾರಿ. ವ್ಯಾಲೊರೆಂಟ್ ಆಡೋಕೆ ಮೂವತ್ತು ಸಾವಿರದ ಕಾರ್ಡ್ ಬೇಕಾಗಿಲ್ಲ, ಅದಕ್ಕೆ ಒಳ್ಳೇ ಪ್ರೊಸೆಸರ್ ಮತ್ತೆ ಫಾಸ್ಟ್ ಮಾನಿಟರ್ ಹೆಚ್ಚು ಮುಖ್ಯ.

ದರದ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ರ್‍ಯಾಮ್ ದರ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲಾ ಎಳ್ಕೊಳ್ತಾ ಇರೋದ್ರಿಂದ. ಅದೇ ವರ್ಷ ಡಿಸೆಂಬರಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನ ಸಾಮಾನ್ಯ ಗ್ರಾಹಕರಿಗೆ ಮಾರೋದು ನಿಲ್ಲಿಸ್ತೇವೆ ಅಂತಲೇ ಹೇಳ್ತು. ಹಂಗಾಗಿ ಹಳೇ ವಿಡಿಯೋ ನೋಡಿ "16 ಜಿಬಿ 3 ಸಾವಿರ" ಅಂತ ಬರ್ಕೊಂಡು ಅಂಗಡಿಗೆ ಹೋದ್ರೆ ಆಗೋದಿಲ್ಲ. ಕೆಳಗೆ ನಾನು ಹೇಳೋ ಮೊತ್ತ ಎಲ್ಲಾ ಎತ್ತಿಡೋ ಲೆಕ್ಕ, ತಗೊಳ್ಳೋ ದಿನ ಮೊದಲು ರ್‍ಯಾಮ್ ಮತ್ತೆ ಎಸ್‌ಎಸ್‌ಡಿ ದರ ಕೇಳಿ ಆಮೇಲೆ ಉಳಿದದ್ದು ಹೊಂದಿಸಿ.

50 ಸಾವಿರ: ಕಾರ್ಡ್ ಇಲ್ಲದೆ ಶುರು ಮಾಡೋದು

ಮಾನಿಟರ್, ಯುಪಿಎಸ್, ಕೀಬೋರ್ಡ್ ಎಲ್ಲಾ ಸೇರಿ 50 ಸಾವಿರ ಅಂದ್ರೆ ನನ್ನ ಸಲಹೆ ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್ ಇದೆ, 65 ವ್ಯಾಟ್. ವ್ಯಾಲೊರೆಂಟ್ 1080ಪಿ (ಫುಲ್ ಎಚ್‌ಡಿ) ಲೋ ಸೆಟ್ಟಿಂಗಲ್ಲಿ 100 ಎಫ್‌ಪಿಎಸ್ (ಸೆಕೆಂಡಿಗೆ 100 ಚಿತ್ರ) ಮೇಲೆ ಆರಾಮಾಗಿ ಬರ್ತದೆ, ಜಿಟಿಎ 5 ಸೆಟ್ಟಿಂಗ್ ಇಳಿಸಿದ್ರೆ ಚೆನ್ನಾಗಿ ನಡೀತದೆ, ಸೈಬರ್‌ಪಂಕ್ ಆಸೆ ಇಟ್ಕೊಳ್ಬೇಡಿ. ಇಲ್ಲಿ ಒಂದು ವಿಷಯ ತಪ್ಪಬಾರದು, ಇದರ ಗ್ರಾಫಿಕ್ಸ್ ಬಳಸೋದು ನಿಮ್ಮ ರ್‍ಯಾಮನ್ನೇ, ಹಂಗಾಗಿ 8 ಜಿಬಿಯ ಎರಡು ಸ್ಟಿಕ್ ಹಾಕ್ಬೇಕು, 16ರ ಒಂದೇ ಸ್ಟಿಕ್ ಹಾಕಿದ್ರೆ ಆಟದ ಸ್ಪೀಡ್ ಕಣ್ಣಿಗೆ ಕಾಣೋ ಹಾಗೆ ಬೀಳ್ತದೆ. ಅಂಗಡಿಯವರು ಮುಂದೆ ಅಪ್‌ಗ್ರೇಡಿಗೆ ಅನುಕೂಲ ಅಂತ ಒಂದೇ ಸ್ಟಿಕ್ ಕೊಡೋಕೆ ನೋಡ್ತಾರೆ, ಬೇಡ ಅನ್ನಿ.

ಮುಂದಿನ ವರ್ಷ ದುಡ್ಡು ಬಂದಾಗ ಕಾರ್ಡ್ ಹಾಕ್ಬಹುದು. ಒಂದು ಕೊರತೆ ಇದೆ, 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ಫಾಸ್ಟ್ ಮೆಮೊರಿ) 16 ಎಂಬಿ, ಜಿ ಇಲ್ಲದ 5600ರಲ್ಲಿ 32 ಎಂಬಿ, ಹಂಗಾಗಿ ಕಾರ್ಡ್ ಹಾಕಿದ್ಮೇಲೆ ಇದು ಸ್ವಲ್ಪ ಹಿಂದೆ ಬೀಳ್ತದೆ. ಆದ್ರೆ ವರ್ಷಗಟ್ಟಲೆ ಕಾಯೋ ಬದಲು ಇವತ್ತೇ ಆಡ್ಬಹುದು, ಓದೋಕೂ ಕೋಡಿಂಗಿಗೂ ಆಗ್ತದೆ. ಕಾರ್ಡ್ ಹಾಕೋ ಯೋಚನೆ ಇದ್ದವರು 550 ವ್ಯಾಟ್ ಪವರ್ ಸಪ್ಲೈ ಈಗಲೇ ತಗೊಳ್ಳಿ.

ಹಳೇ ಆಫೀಸ್ ಪಿಸಿ ಮತ್ತೆ ಚಿಕ್ಕ ಕಾರ್ಡ್

ಇದು ಇನ್ನೂ ಕಮ್ಮಿ ದುಡ್ಡಿನ ದಾರಿ, ಹುಬ್ಬಳ್ಳಿ ಬೆಂಗಳೂರಲ್ಲಿ ಕಂಪನಿಗಳು ಬಿಟ್ಟ ಪಿಸಿಗಳು ಸಿಗ್ತವೆ. 25-30 ಸಾವಿರ ಮಾತ್ರ ಇರೋರು ಇದನ್ನ ಯೋಚನೆ ಮಾಡ್ಬಹುದು, ಆದ್ರೆ ಇಂಟೆಲ್ 8ನೇ ಜನರೇಶನ್‌ಗಿಂತ ಹಳೇದು ಮುಟ್ಬೇಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲಲ್ಲಿ 8ನೇ ಜನರೇಶನ್ ಬೇಕು, ಮತ್ತೆ ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ನಡಿಯೋಕೆ ಟಿಪಿಎಂ 2.0 ಮತ್ತೆ ಸೆಕ್ಯೂರ್ ಬೂಟ್ ಅನ್ನೋ ಸುರಕ್ಷತೆಯ ವ್ಯವಸ್ಥೆ ಎರಡೂ ಬೇಕು. ಐ5-8500 ಇದ್ರೆ ಸರಿ, ಆರು ಕೋರ್ ಸಿಗ್ತದೆ. ಇವುಗಳ ಪವರ್ ಸಪ್ಲೈ ಚಿಕ್ಕದು, ಕನೆಕ್ಟರ್ ಕೂಡ ಆ ಕಂಪನಿಯದೇ ಬೇರೆ ಇರ್ತದೆ, ಹಂಗಾಗಿ ಬೇರೆ ವೈರ್ ಬೇಡದ, ಸ್ಲಾಟಿಂದಲೇ 75 ವ್ಯಾಟಲ್ಲಿ ನಡಿಯೋ ಜಿಟಿಎಕ್ಸ್ 1650 ತರದ ಕಾರ್ಡಿಗೇ ನಿಲ್ಬೇಕು. ಚಪ್ಪಟೆ ಕ್ಯಾಬಿನೆಟ್ ಆದ್ರೆ ಅದೂ ಗಿಡ್ಡ ಮಾಡೆಲ್ ಹುಡುಕ್ಬೇಕು. "4 ಜಿಬಿ ಗ್ರಾಫಿಕ್ಸ್ ಕಾರ್ಡ್" ಅಂತ ಜಿಟಿ 730 ಕೊಡೋಕೆ ಬಂದ್ರೆ ವಾಪಸ್ ಬನ್ನಿ, ಜಿಬಿ ಎಷ್ಟಿದ್ರೂ ಅದು ಗೇಮಿಂಗ್ ಕಾರ್ಡ್ ಅಲ್ಲ.

ನನಗೆ ಕೇಳಿದ್ರೆ, ಇನ್ನೊಂದು 15-20 ಸಾವಿರ ಸೇರಿಸೋಕೆ ಆಗೋ ಹಾಗಿದ್ರೆ 5600ಜಿಯೇ ಸರಿ. ಆಫೀಸ್ ಪಿಸಿಯನ್ನ ಮುಂದೆ ಬೆಳೆಸೋಕೆ ಆಗೋದಿಲ್ಲ, ಬೋರ್ಡು (ಮದರ್‌ಬೋರ್ಡು), ಕ್ಯಾಬಿನೆಟ್ಟು, ಸಪ್ಲೈ ಎಲ್ಲಾ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ಇರ್ತದೆ.

90 ಸಾವಿರ: ಹೆಚ್ಚಿನವರಿಗೆ ಇದೇ ಸರಿ

ಪ್ರೊಸೆಸರ್ ರೈಜನ್ 5 5600 ಅಥವಾ ಐ5-12400ಎಫ್. ಎರಡೂ ಆರು ಕೋರ್ ಹನ್ನೆರಡು ಥ್ರೆಡ್, ಆಟದಲ್ಲಿ ಹತ್ತಿರ ಹತ್ತಿರ, ಆ ದಿನ ಬೋರ್ಡ್ ಸೇರಿ ಯಾವ್ದು ಕಮ್ಮಿಗೆ ಬರ್ತದೋ ಅದು. ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ ಅನ್ನೋದು ನೆನಪಿರಲಿ, ಕಾರ್ಡ್ ಕೆಟ್ಟು ವಾರಂಟಿಗೆ ಕಳ್ಸಿದ್ರೆ ಅದು ಬರೋವರೆಗೆ ಪಿಸಿ ಸುಮ್ನೆ ಕೂತಿರ್ತದೆ. ನಮ್ಮ ಜಿಲ್ಲೆಯಿಂದ ಸರ್ವೀಸ್ ಸೆಂಟರ್ ದೂರ ಇರೋದ್ರಿಂದ ಇದು ಸಣ್ಣ ವಿಷಯ ಅಲ್ಲ. ಇಂಟೆಲ್ ತಗೊಳ್ಳೋರು ಎಫ್ ಇಲ್ಲದ 12400 ತಗೊಂಡ್ರೆ ಸ್ವಲ್ಪ ಜಾಸ್ತಿ ಹೋಗ್ತದೆ, ಆದ್ರೆ ಕಾರ್ಡ್ ಇಲ್ಲದಾಗಲೂ ಸ್ಕ್ರೀನ್ ಬರ್ತದೆ, ಕಾಲೇಜಿನ ಕೆಲಸ ನಿಲ್ಲೋದಿಲ್ಲ. ನಾನು ಇಲ್ಲಿಯವರಿಗೆ ಅದನ್ನೇ ಹೇಳೋದು.

ಕಾರ್ಡಿಗೆ 25-28 ಸಾವಿರ ಉಳೀತದೆ. ಕಮ್ಮಿಗೆ ಆರ್‌ಎಕ್ಸ್ 6600, 8 ಜಿಬಿ, 132 ವ್ಯಾಟ್, 2021ರದ್ದು, ಆದ್ರೆ 1080ಪಿಗೆ ಇವತ್ತಿಗೂ ಗಟ್ಟಿ. ಸ್ವಲ್ಪ ಮೇಲೆ ಹೋದ್ರೆ ಆರ್‌ಟಿಎಕ್ಸ್ 4060, 115 ವ್ಯಾಟ್ ಅಷ್ಟೇ, ಯುಪಿಎಸ್ ಮೇಲೆ ನಡೆಸೋರಿಗೆ ಈ ಕಮ್ಮಿ ವ್ಯಾಟ್ ತುಂಬಾ ಅನುಕೂಲ, ಎಐ ಬಳಸಿ ಎಫ್‌ಪಿಎಸ್ ಏರಿಸೋ ಡಿಎಲ್‌ಎಸ್‌ಎಸ್ ಕೂಡ ಸಿಗ್ತದೆ. ಇಂಟೆಲ್ ಆರ್ಕ್ ಬಿ580 12 ಜಿಬಿ ಕೊಡ್ತದೆ, ದರಕ್ಕೆ ಹೋಲಿಸಿದ್ರೆ ಆಸೆ ಆಗ್ತದೆ, ಆದ್ರೆ 190 ವ್ಯಾಟ್, ಮತ್ತೆ ಬೋರ್ಡಿನ ಬಯೋಸ್ ಸೆಟ್ಟಿಂಗಲ್ಲಿ ರೀಸೈಜಬಲ್ ಬಾರ್ ಅನ್ನೋದು ಆನ್ ಇರ್ಲೇಬೇಕು. ಮೊದಲ ಪಿಸಿಗೆ ನಾನು 4060 ಅಥವಾ 6600 ಕಡೆಗೇ.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ ಹಾಕಿ. ಜೆನ್ 3 ಸಾಕು, ಆಟದಲ್ಲಿ ಜೆನ್ 4ರ ವ್ಯತ್ಯಾಸ ಗೊತ್ತಾಗೋದಿಲ್ಲ. 500 ಜಿಬಿ ತಗೊಂಡು ದುಡ್ಡು ಉಳಿಸಿದ್ರೆ ನಮ್ಮ ಕಡೆ ಅದು ಬೇರೆ ತರ ಕಾಡ್ತದೆ: ರೆಡ್ ಡೆಡ್ 2ಕ್ಕೆ 150 ಜಿಬಿ ಬೇಕು, ಕೌಂಟರ್ ಸ್ಟ್ರೈಕ್ 2ಕ್ಕೆ 85. ಜಾಗ ಸಾಲದೆ ಒಂದನ್ನ ಅಳಿಸಿ ಮತ್ತೊಮ್ಮೆ ಬೇಕು ಅಂದಾಗ 40 ಎಂಬಿಪಿಎಸ್ ಲೈನಲ್ಲಿ 150 ಜಿಬಿ ಇಳಿಸೋಕೆ ಎಂಟು ತಾಸಿಗೂ ಮೇಲೆ ಬೇಕು, ಅದೂ ಮಧ್ಯ ನೆಟ್ ಹೋಗದಿದ್ರೆ. ಹಳ್ಳಿಯಲ್ಲಿ ಫೈಬರ್ ಇನ್ನೂ ಬಾರದವರು, ಮೊಬೈಲ್ ಹಾಟ್‌ಸ್ಪಾಟಲ್ಲಿ ಇರೋರು, ಈ ಲೆಕ್ಕವನ್ನ ಬಜೆಟಿಗಿಂತ ಮೊದಲೇ ಮಾಡಿ.

ಮಾನಿಟರ್ 24 ಇಂಚು, 1080ಪಿ, ಐಪಿಎಸ್, 100 ಹರ್ಟ್ಸಿಗಿಂತ ಮೇಲೆ, ಮುಗೀತು.

1.25 ಲಕ್ಷ: ಎಎಂ5

ಇಲ್ಲಿ ರೈಜನ್ 5 7600, ಡಿಡಿಆರ್5 (ಹೊಸ ತಲೆಮಾರಿನ ರ್‍ಯಾಮ್), ಎಎಂ5 ಬೋರ್ಡ್. ಎಎಂ5 ಅಂದ್ರೆ ಬೋರ್ಡಲ್ಲಿ ಎಎಂಡಿ ಪ್ರೊಸೆಸರ್ ಕೂರೋ ಸಾಕೆಟ್. ಇದರ ಗುಣ ಎಂತ ಅಂದ್ರೆ ಮೇಲಿನ 5600 ಕೂರೋ ಎಎಂ4 ಮತ್ತೆ 12400 ಕೂರೋ ಇಂಟೆಲಿನ ಎಲ್‌ಜಿಎ 1700 ಎರಡೂ ಮುಗಿದ ದಾರಿ, ಎಎಂ5ಕ್ಕೆ 2027ರವರೆಗೆ ಮತ್ತೆ ಆಚೆಗೂ ಹೊಸ ಪ್ರೊಸೆಸರ್ ಕೊಡ್ತೇವೆ ಅಂತ ಎಎಂಡಿ ಹೇಳಿದೆ. 7600ರ ಒಳಗೆ ಚಿಕ್ಕ ಗ್ರಾಫಿಕ್ಸ್ ಕೂಡ ಇದೆ, ಮೇಲೆ ಹೇಳಿದ ವಾರಂಟಿ ತೊಂದರೆ ಇಲ್ಲ. ಕಾರ್ಡ್ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060. 9060 ಎಕ್ಸ್‌ಟಿಯಲ್ಲಿ 8 ಜಿಬಿ, 16 ಜಿಬಿ ಎರಡು ಬರ್ತವೆ, ಐದು ವರ್ಷ ಬಾಳ್ಬೇಕು ಅಂದ್ರೆ 16ರದ್ದೇ.

ಆದ್ರೆ ಡಿಡಿಆರ್5 ರ್‍ಯಾಮಿನ ದರ ಈಗ ಇರೋ ಹಾಗೆ ಇದ್ರೆ 90 ಸಾವಿರದವನು ಹೊಟ್ಟೆ ಕಟ್ಟಿ ಎಎಂ5ಕ್ಕೆ ಏರೋದು ನನಗೆ ಸರಿ ಕಾಣೋದಿಲ್ಲ. ಬೋರ್ಡು ರ್‍ಯಾಮಿಗೆ ದುಡ್ಡು ಸುರಿದು ಕಾರ್ಡಲ್ಲಿ ಇಳಿದ್ರೆ ಇವತ್ತಿನ ಆಟ ಇವತ್ತೇ ನಿಧಾನ ಆಗ್ತದೆ, ಮುಂದಿನ ಅಪ್‌ಗ್ರೇಡ್ ಯಾವಾಗಲೋ.

ಲ್ಯಾಪ್‌ಟಾಪ್ ತಗೊಂಡ್ರೆ?

ಪಿಯುಸಿ ಮುಗಿಸಿ ಹುಬ್ಬಳ್ಳಿಗೋ ಮಂಗಳೂರಿಗೋ ಹಾಸ್ಟೆಲಿಗೆ ಹೋಗೋದು ಗ್ಯಾರಂಟಿ ಅಂದ್ರೆ ಹೌದು, ಲ್ಯಾಪ್‌ಟಾಪೇ ತಗೊಳ್ಳಿ, ಮನೇಲಿ ಪಿಸಿ ಇಟ್ಟು ಹೋಗಿ ಮಳೆಗಾಲ ಪೂರ್ತಿ ಅದು ಹಾಗೇ ಕೂತ್ರೆ ಹಾಳು. ಬ್ಯಾಟರಿ ಇರೋದ್ರಿಂದ ಯುಪಿಎಸ್ ಖರ್ಚು ಇಲ್ಲ, ಸ್ಕ್ರೀನ್ ಕೀಬೋರ್ಡ್ ಖರ್ಚೂ ಇಲ್ಲ, ಹಂಗಾಗಿ 80-90 ಸಾವಿರದ ಹತ್ರ ಲೆಕ್ಕ ಹೊಂದ್ತದೆ. ಆದ್ರೆ ಅದೇ ಹೆಸರಿನ ಕಾರ್ಡ್ ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ ಕಮ್ಮಿ ಕೆಲಸ ಮಾಡ್ತದೆ, ಬ್ಯಾಟರಿ ಮೇಲೆ ಇನ್ನೂ ಕಮ್ಮಿ, ಐದು ವರ್ಷದ ಮೇಲೆ ಕಾರ್ಡ್ ಬದಲಿಸೋಕೂ ಆಗೋದಿಲ್ಲ. ಮನೇಲೇ ಇರೋರಿಗೆ ಪಿಸಿ.

ಉಪ್ಪು ಗಾಳಿ, ಘಟ್ಟದ ಥಂಡಿ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ಕ್ಯಾಬಿನೆಟ್ ಸ್ಕ್ರೂಗಳಿಗೆ ತುಕ್ಕು ಹಿಡಿಯೋದು ಮೊದಲ ಗುರುತು. ಸಮುದ್ರದ ಕಡೆಯ ಕಿಟಕಿ ಪಕ್ಕ ಪಿಸಿ ಇಡ್ಬೇಡಿ, ನೆಲದ ಮೇಲೂ ಬೇಡ. ಫಿಲ್ಟರ್ ಜಾಲರಿ ಇರೋ ಕ್ಯಾಬಿನೆಟ್ ತಗೊಳ್ಳಿ, ಇರುವೆ, ಹಲ್ಲಿ ಒಳಗೆ ಹೋಗದ ಹಾಗೆ ಹಿಂದಿನ ಸ್ಲಾಟ್ ಕವರ್ ಎಲ್ಲಾ ಮುಚ್ಚಿರಲಿ. ಶಿರಸಿ ಯಲ್ಲಾಪುರದ ಕಡೆ ಉಪ್ಪಿಲ್ಲ, ಆದ್ರೆ ಜುಲೈ ಆಗಸ್ಟಲ್ಲಿ ಬಟ್ಟೆಗೂ ಬೂಸ್ಟು ಬರ್ತದೆ, ಅಲ್ಲಿ ಪಿಸಿಗೆ ಒಳ್ಳೇ ಔಷಧಿ ಅಂದ್ರೆ ಎರಡು ದಿನಕ್ಕೊಮ್ಮೆಯಾದ್ರೂ ಒಂದು ತಾಸು ಆನ್ ಮಾಡೋದು, ಒಳಗಿನ ಬಿಸಿಗೆ ಥಂಡಿ ಆರ್ತದೆ. ಆರ್‌ಜಿಬಿ ಗ್ಲಾಸ್ ಕ್ಯಾಬಿನೆಟಿಗೆ ಕೊಡೋ ದುಡ್ಡಲ್ಲಿ ಅರ್ಧ ಈ ಜಾಲರಿ ಕ್ಯಾಬಿನೆಟಿಗೆ ಸಾಕು, ಉಳಿದದ್ದು ಸಪ್ಲೈಗೆ ಹಾಕಿ.

ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡುವಾಗ ಎಲ್ಲಿ ಬಳಸಿದ್ದು ಅಂತ ಕೇಳಿ. ಕರಾವಳಿಯಲ್ಲಿ ಬಳಸಿದ್ದಾದ್ರೆ ಬ್ರಾಕೆಟ್ಟಿನ ತುಕ್ಕು, ಎಚ್‌ಡಿಎಂಐ ಪೋರ್ಟ್ ಒಳಗಿನ ಹಸಿರು ಕಲೆ ಟಾರ್ಚ್ ಹಾಕಿ ನೋಡಿ. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಂತ್ಮೇಲೆ ಆ ಕಾರ್ಡುಗಳು ಮಾರ್ಕೆಟಿಗೆ ಬಂದಿವೆ, ಎಲ್ಲವೂ ಕೆಟ್ಟವಲ್ಲ, ಆದ್ರೆ ಎದುರಿಗೆ ಅರ್ಧ ತಾಸು ಆಟ ನಡೆಸಿ ತೋರಿಸದವರಿಂದ ತಗೊಳ್ಬೇಡಿ.

ಎಲ್ಲಿ ತಗೊಳ್ಳೋದು

ಬೆಂಗಳೂರು ಎಸ್‌ಪಿ ರೋಡಲ್ಲಿ ಆಯ್ಕೆ ಹೆಚ್ಚು, ಚೌಕಾಸಿ ನಡೀತದೆ. ಹುಬ್ಬಳ್ಳಿ ಶಿರಸಿಯಿಂದ ನೂರು ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆಗೆ ಬರ್ಬಹುದು, ಮತ್ತೆ ಏನಾದ್ರೂ ಕೆಟ್ರೆ ಅಲ್ಲಿಗೇ ತಗೊಂಡು ಹೋಗ್ಬಹುದು, ಘಟ್ಟದ ಮೇಲಿನವರಿಗೆ ನನ್ನ ಮೊದಲ ಆಯ್ಕೆ ಅದು. ಆನ್‌ಲೈನಲ್ಲಿ ದರ ಚೆನ್ನಾಗಿರ್ತದೆ, ಆದ್ರೆ ಎಷ್ಟೋ ಹಳ್ಳಿ ಪಿನ್‌ಕೋಡಿಗೆ ಅವರು ಕಳ್ಸೋದಿಲ್ಲ, ಪೇಟೆಯಲ್ಲಿರೋ ನೆಂಟರ ವಿಳಾಸ ಕೊಡಿ, ಡಬ್ಬ ಒಡೆಯುವಾಗ ಶುರುವಿಂದ ವಿಡಿಯೋ ಮಾಡಿ. ನಮ್ಮೂರ ಅಂಗಡೀಲಿ ಎರಡು ಮೂರು ಸಾವಿರ ಜಾಸ್ತಿ ಆದ್ರೂ ಪವರ್ ಸಪ್ಲೈ, ಯುಪಿಎಸ್, ಮಾನಿಟರ್ ಈ ಮೂರನ್ನ ಅಲ್ಲೇ ತಗೊಳ್ಳಿ ಅಂತೇನೆ, ಭಾರದ ಸಾಮಾನು, ಕೆಟ್ರೆ ಬಸ್ಸಲ್ಲಿ ಹೊತ್ಕೊಂಡು ಹೋಗೋದು ತಪ್ತದೆ. ಪ್ರೊಸೆಸರು, ಕಾರ್ಡು, ಎಸ್‌ಎಸ್‌ಡಿ ಹಗುರ, ಅವು ಎಲ್ಲಿಂದ ಬಂದ್ರೂ ನಡೀತದೆ.

ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೇವೆ ಅಂತಾರೆ, 18% ಜಿಎಸ್‌ಟಿ ಉಳೀತದೆ ಅನ್ನೋ ಆಸೆ ತೋರಿಸ್ತಾರೆ, ಒಪ್ಪಬೇಡಿ. ಪ್ರೊಸೆಸರ್ ಡಬ್ಬ ಸಮೇತ ತಗೊಳ್ಳಿ, ಡಬ್ಬ ಇಲ್ಲದ ಟ್ರೇ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಸಿಗೋದಿಲ್ಲ. ಬಿಲ್ಲಲ್ಲಿ ಕಾರ್ಡು, ಬೋರ್ಡು, ಪವರ್ ಸಪ್ಲೈ ಮೂರರ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಡಬ್ಬಗಳನ್ನ ಅಟ್ಟದ ಮೇಲೆ ಇಡೋದಾದ್ರೆ ಗೆದ್ದಲು ಹತ್ತದ ಹಾಗೆ ಪ್ಲಾಸ್ಟಿಕ್ ಸುತ್ತಿ ಇಡಿ, ವಾರಂಟಿಗೆ ಕಳ್ಸುವಾಗ ಅದೇ ಡಬ್ಬ ಬೇಕಾಗ್ತದೆ.